ಕಾಡಂಚಿನ ಹೆಂಗಸರಿಗೊಂದು ಕಂಚಿನ ಪ್ರತಿಮೆ ಮಾಡಿಸುವುದು ಹೇಗೆ

ಕೊಡಗಿನ ತಿತಿಮತಿ, ಕುಟ್ಟ ಕಡೆಯವರು ಆಗಾಗ ಫೋನ್ ಮಾಡುತ್ತಾರೆ. ಕಾಡಂಚಿನಲ್ಲಿ ಬದುಕು ಕಟ್ಟಿಕೊಂಡು, ಕಾಡನ್ನೂ ಉಳಿಸಿದ ಹೆಂಗಸರ ನೆನಪಿಗೆ ಪ್ರತಿಮೆ ಬೇಕು, ಪಕ್ಕದಲ್ಲೊಂದು ಆನೆ ಇರಲಿ ಅಂತ. ಶಿಲ್ಪ ಮಾಡುವವಳಾಗಿ ನನಗೆ ಇದಕ್ಕಿಂತ ಖುಷಿಯ ಕೆಲಸ ಇಲ್ಲ. ಮಡಿಕೇರಿಯಲ್ಲಿ ಸೇನಾನಿಗಳಾದ ಕಾರ್ಯಪ್ಪ, ತಿಮ್ಮಯ್ಯ ಅವರ ಪ್ರತಿಮೆಗಳಿವೆ. ಕಾಫಿ ಕೊಯ್ಯುವ ಅಕ್ಕಂದೂ ಒಂದು ಇರಬೇಕು ಅಲ್ವಾ?

ಆಕೆ ಯಾರು ಅನ್ನೋದು ಮೊದಲು ತೀರ್ಮಾನವಾಗಲಿ. ಕೊಡವ ಸೀರೆಯಾದರೆ ನೆರಿಗೆ ಹಿಂದೆ, ಸೆರಗು ಬಲ ಭುಜಕ್ಕೆ. ಹೊರಗಿನ ಶಿಲ್ಪಿಗೆ ಮುಂಭಾಗದ ಫೋಟೋ ಮಾತ್ರ ಕೊಟ್ಟರೆ ಸಾಲದು, ಬೆನ್ನಿನ ಕಡೆಯದ್ದೂ ಕೊಡಿ. ತೋಟದ ಕೆಲಸದವರಾದರೆ ಸೀರೆ ಮೇಲೊಂದು ಗಂಡಸರ ಅಂಗಿ, ತಲೆಗೆ ಬಟ್ಟೆ. ಜೇನುಕುರುಬರ ಅಥವಾ ಯರವರ ಅಜ್ಜಿಯಾದರೆ ಆ ಬುಡಕಟ್ಟಿನವರು ಇರುವ ಹಾಡಿಗೇ ಹೋಗಿ ಅಲ್ಲಿನ ಹೆಂಗಸರನ್ನು ಕೇಳಿ. ಅವರ ಉಡುಗೆಯನ್ನು ನಾವು ಊಹಿಸಿ ಮಾಡಬಾರದು.

ಆನೆ ಹೆಣ್ಣಾನೆಯೇ ಇರಲಿ ಅಂತ ನಾನು ಹಟ ಹಿಡಿಯುತ್ತೇನೆ. ಹಿಂಡು ನಡೆಸುವವಳು ಅವಳೇ. ಹಾಗಾಗಿ ಉದ್ದ ದಂತ ಬೇಡ. ಅವಳು ಕಾಡಾನೆ, ಹಾಗಾಗಿ ಕಾಲಿಗೆ ಸರಪಳಿಯೂ ಬೇಡ. ಉಗುರು ಎಣಿಸಿ: ನಮ್ಮ ಆನೆಗಳಿಗೆ ಸಾಮಾನ್ಯವಾಗಿ ಮುಂಗಾಲಲ್ಲಿ 5, ಹಿಂಗಾಲಲ್ಲಿ 4. ಮುಂಗಾಲಿನ ಪಾದಕ್ಕೆ ಟೇಪು ಸುತ್ತಿ, ಅದರ ಎರಡರಷ್ಟು ಹೆಚ್ಚುಕಡಿಮೆ ಹೆಗಲಿನ ಎತ್ತರ ಬರಬೇಕು. ವಯಸ್ಸಾದ ಆನೆಗೆ ಕಿವಿಯ ಮೇಲಂಚು ಮಡಚಿಕೊಂಡಿರುತ್ತದೆ. ಶಿಲ್ಪಿಯನ್ನು ದುಬಾರೆಯ ಆನೆ ಶಿಬಿರಕ್ಕೆ ಕರೆದುಕೊಂಡು ಹೋಗಿ, ಮಾವುತರ ಜೊತೆ ಮಾತಾಡಿಸಿ. ಸುಮ್ನೆ ಫೋಟೋ ನೋಡಿ ಮಾಡಿದ ಆನೆಗೆ ಭಾರ ಬರಲ್ಲ.

ತಿದ್ದೋದೆಲ್ಲ ಜೇಡಿಮಣ್ಣಿನ ಹಂತದಲ್ಲೇ ಮುಗಿಯಲಿ. ಆಮೇಲೆ ರಬ್ಬರ್ ಅಚ್ಚು, ಅದರೊಳಗೆ ಮೇಣದ ಪದರ, ಮೇಣದ ಸುತ್ತ ಶಾಖ ತಡೆಯುವ ಹೊದಿಕೆ. ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಸುಮಾರು 1100 ಡಿಗ್ರಿ ಬಿಸಿಯ ಕಂಚು ಎರೆಯುತ್ತಾರೆ. ದೊಡ್ಡ ಪ್ರತಿಮೆಯನ್ನು ತುಂಡು ತುಂಡಾಗಿ ಎರೆದು ವೆಲ್ಡಿಂಗ್ ಮಾಡುತ್ತಾರೆ. ಒಳಗೆ ಟೊಳ್ಳು, ಲೋಹದ ದಪ್ಪ 5-6 ಮಿಲಿಮೀಟರ್. ಒಂದು ಲೆಕ್ಕ ನೆನಪಿಡಿ: 1 ಕೆಜಿ ಮೇಣಕ್ಕೆ ಸುಮಾರು 10 ಕೆಜಿ ಕಂಚು. ಮೇಣವನ್ನು ನಿಮ್ಮೆದುರೇ ತೂಗಿಸಿ. ಬಿಲ್ಲಿನಲ್ಲಿ ಲೋಹ ಎಷ್ಟಿರಬೇಕು ಅನ್ನೋದು ನಿಮಗೇ ಗೊತ್ತಾಗುತ್ತದೆ.

ಕೊಡಗಿನ ಮಳೆಗೆ ತಯಾರಿ ಬೇಕು. ಕೈಯಲ್ಲಿ ಬುಟ್ಟಿ ಇದ್ದರೆ ಅದರ ತಳಕ್ಕೊಂದು ತೂತು, ಪಾದದ ಹತ್ತಿರ ಇನ್ನೊಂದು. ನೀರು ನಿಲ್ಲಲೇಬಾರದು. ಪೀಠಕ್ಕೆ ಕೂರಿಸಲು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿಸಿ. ಕಬ್ಬಿಣ ಕಂಚಿಗೆ ತಾಗಿ ನೆನೆದರೆ ಬೇಗ ತಿಂದುಹೋಗುತ್ತದೆ. ಮರದ ಕೆಳಗೆ ಜಾಗ ಬೇಡ, ಎಲೆ ಮತ್ತು ಹಕ್ಕಿ ಹಿಕ್ಕೆಯಿಂದ ಕಲೆ ಕೂರುತ್ತದೆ.

ಉದ್ಘಾಟನೆ ಆದಮೇಲೆ ಯಾರಾದರೂ ಪ್ರೀತಿಯಿಂದ ಹುಣಸೆಹಣ್ಣು ಹಚ್ಚಿ ತಿಕ್ಕಲು ಬರುತ್ತಾರೆ. ದಯವಿಟ್ಟು ತಿಕ್ಕಲು ಬಿಡಬೇಡಿ. ಶಿಲ್ಪಿ ಕಟ್ಟಿದ ಬಣ್ಣವೆಲ್ಲ ಕಿತ್ತುಹೋಗುತ್ತದೆ. ಹಾಲು, ಕುಂಕುಮವೂ ಬೇಡ, ಹೂಮಾಲೆ ಸಾಕು, ಅದನ್ನೂ ಸಂಜೆ ತೆಗೆಯಿರಿ. ಮೇ ತಿಂಗಳಲ್ಲೊಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ ಮೃದು ಸೋಪಿನ ನೀರಿಂದ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಲೋಹ ಬೆಚ್ಚಗಿರುವಾಗಲೇ ಬಣ್ಣವಿಲ್ಲದ ಮೇಣವನ್ನು ತೆಳ್ಳಗೆ ಹಚ್ಚಿ, ಹತ್ತಿ ಬಟ್ಟೆಯಲ್ಲಿ ಉಜ್ಜಿ. ಸೀರೆಯ ನೆರಿಗೆಯ ಸಂದಿಗೆ ಹಳೆಯ ಟೂತ್‌ಬ್ರಷ್ ಬಳಸಿ, ಪಾಚಿ ಮೊದಲು ಕಟ್ಟೋದು ಅಲ್ಲೇ.