ನಮ್ಮ ಸರ್ಚ್ ಬಾಕ್ಸಿನ ಬಾಯಿ ಬಿಡಿಸಿದ ಕಥೆ

“ಟೈಪ್ ಮಾಡಿದೆ. ಏನಾದರೂ ಬಂತಾ?”

ಸ್ಕ್ರೀನ್ ಶೇರ್ ಮಾಡಿಕೊಂಡು ಕೂತಿದ್ದ ಪರೀಕ್ಷಕರು ಕೇಳಿದ್ದು ಇಷ್ಟೇ. ನನ್ನ ಕಣ್ಣೆದುರಿಗೆ ಎಂಟು ಸಲಹೆಗಳು ಬಂದು ಕೂತಿದ್ದವು, ಚಿತ್ರ, ಬೆಲೆ, ಸ್ಟಾರ್ ಎಲ್ಲ ಸಮೇತ. ಅವರಿಗೆ ಕಣ್ಣು ಕಾಣುವುದಿಲ್ಲ, ಸ್ಕ್ರೀನ್ ರೀಡರ್ ಹೇಳಿದ್ದನ್ನು ಕೇಳಿಕೊಂಡು ಕೆಲಸ ಮಾಡುತ್ತಾರೆ. ಅವರ ಪಾಲಿಗೆ ಅಲ್ಲಿ ಏನೂ ಇರಲಿಲ್ಲ. ಹಿಂದಿನ ದಿನವಷ್ಟೇ ವೆಬ್ ಪುಟ ಪರೀಕ್ಷಿಸುವ ಲೈಟ್‌ಹೌಸ್ ಟೂಲ್‌ನಲ್ಲಿ ಅಕ್ಸೆಸಿಬಿಲಿಟಿಗೆ (ಅಂಗವೈಕಲ್ಯ ಇರುವವರೂ ಬಳಸುವಂತಿರುವುದಕ್ಕೆ) 100ಕ್ಕೆ 100 ಬಂತು ಅಂತ ತಂಡದ ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕಿ ಬೀಗಿದ್ದೆ ನಾನು.

ನಾನು ಮಾಡುವ ಕೆಲಸ ಆನ್‌ಲೈನ್ ಅಂಗಡಿಗಳಿಗೆ ಸರ್ಚ್ ಕಟ್ಟಿಕೊಡುವುದು. ಪೆಟ್ಟಿಗೆ, ಅದರ ಕೆಳಗೆ ಬೀಳುವ ಸಲಹೆಗಳು, ಫಲಿತಾಂಶದ ಪುಟ, ಫಿಲ್ಟರ್, ಇಷ್ಟು ನಮ್ಮದು. ಯುರೋಪಿನ ಅಕ್ಸೆಸಿಬಿಲಿಟಿ ಕಾಯ್ದೆ 2025ರ ಜೂನ್ 28ರಿಂದ ಆನ್‌ಲೈನ್ ಅಂಗಡಿಗಳಿಗೂ ಅನ್ವಯಿಸಿತಲ್ಲ, ಅಲ್ಲಿ ಮಾರುವ ನಮ್ಮ ಗ್ರಾಹಕರು ಒಬ್ಬೊಬ್ಬರಾಗಿ “ನಿಮ್ಮ ಸರ್ಚ್ ಡಬ್ಲ್ಯೂಸಿಎಜಿ ಪ್ರಕಾರ ಇದೆಯಾ” ಅಂತ ಕೇಳಲು ಶುರು ಮಾಡಿದರು. ಡಬ್ಲ್ಯೂಸಿಎಜಿ ಅಂದರೆ ವೆಬ್ ಪುಟ ಎಲ್ಲರಿಗೂ ಬಳಸಲು ಬರುವಂತೆ ಮಾಡುವ ನಿಯಮಗಳ ಪಟ್ಟಿ. ನಾವು ಅದರ 2023ರ ಅಕ್ಟೋಬರ್‌ನಲ್ಲಿ ಬಂದ 2.2 ಆವೃತ್ತಿ, ಎಎ ಅನ್ನುವ ನಡುವಿನ ಮಟ್ಟ ಅಂತ ಗುರಿ ಇಟ್ಟುಕೊಂಡೆವು. ಎ ಮತ್ತು ಎಎ ಸೇರಿದರೆ 55 ಅಂಶಗಳು. ಅದರಲ್ಲಿ ಸರ್ಚ್‌ಗೆ ನೇರವಾಗಿ ಬಡಿಯುವವು ಕಡಿಮೆಯೇ, ಆದರೆ ಬಡಿಯುವವು ಚೆನ್ನಾಗಿಯೇ ಬಡಿಯುತ್ತವೆ.

ನೂರು ಅಂಕದ ಗುಟ್ಟು ಆಮೇಲೆ ಅರ್ಥವಾಯಿತು. ಇಂಥ ಟೂಲ್‌ಗಳು ಪುಟ ಹೇಗಿದೆ ಅಂತ ನೋಡುತ್ತವೆ. ಲೇಬಲ್ ಇದೆಯಾ, ಬಣ್ಣದ ಅಂತರ ಸಾಕಾ, ಚಿತ್ರಕ್ಕೆ ಪಠ್ಯ ಇದೆಯಾ, ಇಷ್ಟು ಸರಿ. ಸರ್ಚ್‌ನಲ್ಲಿ ಮುಖ್ಯವಾದದ್ದೆಲ್ಲ ನಡೆಯುವುದು ನೀವು ಟೈಪ್ ಮಾಡಲು ಶುರು ಮಾಡಿದ ಮೇಲೆ. ಖಾಲಿ ಪೆಟ್ಟಿಗೆಗೆ ನೂರು ಕೊಟ್ಟು ಟೂಲ್ ಎದ್ದು ಹೋಗಿತ್ತು ಅಷ್ಟೇ.

ಅವತ್ತು ರಾತ್ರಿ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಹಾಕಿಕೊಂಡೆ, ಅದು ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಮಾನಿಟರ್ ಆಫ್ ಮಾಡಿ, ಮೌಸ್ ಪಕ್ಕಕ್ಕಿಟ್ಟು, ನಾನೇ ಬರೆದ ಸರ್ಚ್‌ನಲ್ಲಿ ಒಂದು ನೀಲಿ ಚೀಲ ಹುಡುಕಲು ಹೊರಟೆ. ಹತ್ತು ನಿಮಿಷಕ್ಕೆ ಸೋತು ಮಾನಿಟರ್ ಆನ್ ಮಾಡಿದೆ. ಅಷ್ಟೊತ್ತೂ ಪುಟದ ತಳಭಾಗದ ಲಿಂಕುಗಳಲ್ಲೇ ಸುತ್ತುತ್ತಿದ್ದೆ.

ಹೊಸ ಹುರುಪು ನೋಡಿ, ಮಾರನೇ ದಿನ ನಾನು ಮಾಡಿದ್ದು ಇನ್ನೂ ದೊಡ್ಡ ಎಡವಟ್ಟು. ಪುಟದ ಯಾವ ಭಾಗ ಏನು ಅಂತ ಸ್ಕ್ರೀನ್ ರೀಡರ್‌ಗೆ ತಿಳಿಸಲು ಕೋಡ್‌ನಲ್ಲಿ ಬರೆಯುವ ಏರಿಯಾ (ARIA) ಗುಣಗಳನ್ನು ಉಪ್ಪಿನ ಹಾಗೆ ಎಲ್ಲ ಕಡೆ ಉದುರಿಸಿದೆ. ಸಲಹೆಗಳ ಇಡೀ ಪಟ್ಟಿಗೆ ‘ಏರಿಯಾ-ಲೈವ್’ ಹಾಕಿದೆ, ಬದಲಾದದ್ದನ್ನು ತಾನಾಗಿ ಓದು ಅಂತ, ಅದೂ ‘ಅಸರ್ಟಿವ್’. ಅಂದರೆ ಏನು ಹೇಳುತ್ತಿದ್ದರೂ ನಿಲ್ಲಿಸಿ ಇದನ್ನು ಮೊದಲು ಹೇಳು ಅಂತ. ಬಳಸುವವರು ‘ಚೀ’ ಅಂತ ಒತ್ತಿದರೆ ಎಂಟೂ ಸಲಹೆಗಳನ್ನು ಬೆಲೆ ಸಮೇತ ಓದಲು ಶುರು, ಅಷ್ಟರಲ್ಲಿ ‘ಲ’ ಒತ್ತಿದರೆ ಮತ್ತೆ ಮೊದಲಿಂದ. ತಾವು ಏನು ಟೈಪ್ ಮಾಡಿದೆವು ಅನ್ನುವುದೇ ಅವರಿಗೆ ಕೇಳಿಸುತ್ತಿರಲಿಲ್ಲ. ಪರೀಕ್ಷಕರು ಒಂದು ನಿಮಿಷ ಕೇಳಿ, “ಮೊದಲಿನದೇ ವಾಸಿ ಇತ್ತು, ಅದು ಸುಮ್ನಾದರೂ ಇರುತ್ತಿತ್ತು” ಅಂದರು. ಅಲ್ಲಿಂದ ಮುಂದೆ ಈ ಕೆಲಸದಲ್ಲಿ ನಾನು ಸೇರಿಸಿದ್ದಕ್ಕಿಂತ ಅಳಿಸಿದ್ದೇ ಜಾಸ್ತಿ.

ಮೊದಲು ಅಳಿಸಿದ್ದು ಹಳೇ ಉದಾಹರಣೆ ನೋಡಿ ಬರೆದ ಕಾಂಬೊಬಾಕ್ಸ್, ಅಂದರೆ ಟೈಪ್ ಮಾಡುವ ಪೆಟ್ಟಿಗೆ (ಇನ್‌ಪುಟ್) ಮತ್ತು ಅದರ ಪಟ್ಟಿ ಸೇರಿದ್ದು. ಏರಿಯಾ 1.1ರಲ್ಲಿ ಇನ್‌ಪುಟ್‌ನ ಹೊರಗೆ ಸುತ್ತಿದ ಡಬ್ಬಿಗೆ ‘ಕಾಂಬೊಬಾಕ್ಸ್’ ರೋಲ್ (ಇದು ಇಂಥದ್ದು ಅನ್ನುವ ಗುರುತು) ಕೊಡಬೇಕಿತ್ತು. 1.2ರಲ್ಲಿ ಆ ಕ್ರಮ ಬಿಟ್ಟು, ರೋಲ್ ನೇರವಾಗಿ ಇನ್‌ಪುಟ್ ಮೇಲೇ ಇರಲಿ ಅಂತಾಯಿತು. ಹುಡುಕಿದರೆ ಈಗಲೂ ಹಳೇ ಮಾದರಿಯ ಕೋಡ್ ರಾಶಿ ರಾಶಿ ಸಿಗುತ್ತದೆ, ಹುಷಾರು. ಹೊಸ ಮಾದರಿ ನಿಜಕ್ಕೂ ಸರಳ. ಇನ್‌ಪುಟ್‌ಗೆ ರೋಲ್, ಪಟ್ಟಿ ತೆರೆದಿದೆಯಾ ಮುಚ್ಚಿದೆಯಾ ಅನ್ನುವುದಕ್ಕೆ ‘ಏರಿಯಾ-ಎಕ್ಸ್‌ಪ್ಯಾಂಡೆಡ್’, ಯಾವ ಪಟ್ಟಿ ಅನ್ನುವುದಕ್ಕೆ ‘ಏರಿಯಾ-ಕಂಟ್ರೋಲ್ಸ್’. ಪಟ್ಟಿ ‘ಲಿಸ್ಟ್‌ಬಾಕ್ಸ್’, ಒಳಗಿನದು ಒಂದೊಂದೂ ‘ಆಪ್ಷನ್’. ಕೆಳ ಬಾಣ ಒತ್ತಿದಾಗ ಫೋಕಸ್, ಅಂದರೆ ಒತ್ತಿದ ಕೀಲಿ ಹೋಗಿ ತಲುಪುವ ಜಾಗ, ಪೆಟ್ಟಿಗೆಯಲ್ಲೇ ಉಳಿಯುತ್ತದೆ, ‘ಏರಿಯಾ-ಆಕ್ಟಿವ್‌ಡಿಸೆಂಡೆಂಟ್’ ಮಾತ್ರ ಬದಲಾಗಿ ಈಗ ಯಾವ ಸಲಹೆ ಮೇಲಿದ್ದೀರಿ ಅಂತ ಸ್ಕ್ರೀನ್ ರೀಡರ್‌ಗೆ ತಿಳಿಸುತ್ತದೆ. ಫೋಕಸ್ ಪೆಟ್ಟಿಗೆಯಲ್ಲೇ ಇರುವುದರಿಂದ ಯಾವಾಗ ಬೇಕಾದರೂ ಮತ್ತೆ ಟೈಪ್ ಮಾಡಬಹುದು. ಎಸ್ಕೇಪ್ ಒತ್ತಿದರೆ ಪಟ್ಟಿ ಮುಚ್ಚಬೇಕು, ಟ್ಯಾಬ್ ಒತ್ತಿದರೆ ಮುಂದಕ್ಕೆ ಬಿಡಬೇಕು.

ಇಲ್ಲಿ ಒಂದು ಸಣ್ಣ ಬಲೆ ಇದೆ. ನಿಜವಾದ ಫೋಕಸ್ ಸಲಹೆಯ ಮೇಲೆ ಇಲ್ಲದ್ದರಿಂದ ಬ್ರೌಸರ್ ಅದನ್ನು ತಾನಾಗಿ ಕಣ್ಣಿಗೆ ಕಾಣುವಂತೆ ಸ್ಕ್ರೋಲ್ ಮಾಡುವ ಭರವಸೆ ಇಲ್ಲ. ಕೇಳುವವರಿಗೆ ತೊಂದರೆಯಿಲ್ಲ, ಪುಟ ದೊಡ್ಡದು ಮಾಡಿಕೊಂಡು ನೋಡುವವರಿಗೆ ಆಯ್ಕೆ ಎಲ್ಲೋ ಕೆಳಗೆ ಮಾಯ. ಸ್ಕ್ರೋಲ್ ನಾವೇ ಮಾಡಿಸಬೇಕು.

ಇನ್ನೊಂದು ತಪ್ಪು ನನಗೆ ಹೊಳೆಯಲೇ ಇಲ್ಲ, ದೂರು ಬಂದ ಮೇಲೆ ಗೊತ್ತಾಗಿದ್ದು. ಎಷ್ಟೋ ಭಾಷೆಗಳಲ್ಲಿ ಜನ ಇನ್‌ಪುಟ್ ಮೆಥಡ್ (ಒತ್ತಿದ ಕೀಲಿಗಳನ್ನು ಆ ಭಾಷೆಯ ಅಕ್ಷರಕ್ಕೆ ತಿರುಗಿಸುವ ತಂತ್ರಾಂಶ) ಮೂಲಕ ಟೈಪ್ ಮಾಡುತ್ತಾರೆ, ಅಕ್ಷರ ಆರಿಸಿಕೊಳ್ಳಲು ಎಂಟರ್ ಒತ್ತುತ್ತಾರೆ. ನಮ್ಮ ಕೋಡ್ ಆ ಎಂಟರನ್ನೇ ಹಿಡಿದು ಅರ್ಧ ಪದವನ್ನೇ ಹುಡುಕಿಬಿಡುತ್ತಿತ್ತು. ‘ಈಸ್‌ಕಂಪೋಸಿಂಗ್’ (ಅಕ್ಷರ ಇನ್ನೂ ಆರಿಸುತ್ತಿದ್ದಾರೆ ಅನ್ನುವ ಸೂಚನೆ) ನಿಜವಿದ್ದರೆ ಕೈ ಹಾಕಬೇಡ ಅಂತ ಒಂದು ಸಾಲು ಸೇರಿಸಿದರೆ ಮುಗಿಯಿತು. ಇದು ಡಬ್ಲ್ಯೂಸಿಎಜಿ ಪಟ್ಟಿಯಲ್ಲಿ ಹೀಗೇ ಅಂತ ಬರೆದಿಲ್ಲ, ಆದರೂ ಸರ್ಚ್ ಬಳಸಲಾಗದಿದ್ದರೆ ಬಳಸಲಾಗಲಿಲ್ಲ ಅಂತಲೇ ಅರ್ಥ, ಅಲ್ವಾ.

ಸಲಹೆಯೊಳಗೆ ಏನಿರಬೇಕು ಅನ್ನುವುದರ ಮೇಲೆ ಡಿಸೈನರ್ ಜೊತೆ ಎರಡು ದಿನ ಜಗಳ. ಅವರಿಗೆ ಪ್ರತಿ ಸಲಹೆಯಲ್ಲೂ ‘ಕಾರ್ಟ್‌ಗೆ ಸೇರಿಸು’ ಬಟನ್, ಒಂದು ಹೃದಯದ ಗುರುತು ಎಲ್ಲ ಬೇಕು. ಆದರೆ ‘ಆಪ್ಷನ್’ ಒಳಗಿರುವುದೆಲ್ಲ ಸ್ಕ್ರೀನ್ ರೀಡರ್‌ಗೆ ಬರೀ ಪಠ್ಯ. ಬಟನ್ ಇಟ್ಟರೂ ಅದು ಬಟನ್ ಅಂತ ಗೊತ್ತಾಗುವುದಿಲ್ಲ, ಕೀಲಿಯಿಂದ ಅದನ್ನು ತಲುಪಲೂ ಆಗುವುದಿಲ್ಲ. ಕೊನೆಗೆ ಅವರನ್ನೇ ಕೂರಿಸಿ, ಮೌಸ್ ಕಿತ್ತುಕೊಂಡು, “ಈಗ ಕಾರ್ಟ್‌ಗೆ ಸೇರಿಸಿ ನೋಡೋಣ” ಅಂದೆ. ಬಟನ್ ಹೋಯಿತು.

ಈಗ ಆ “ಏನಾದರೂ ಬಂತಾ” ಪ್ರಶ್ನೆ. ಇದಕ್ಕೆ ಡಬ್ಲ್ಯೂಸಿಎಜಿಯಲ್ಲಿ 4.1.3 ಅಂತ ಒಂದು ಅಂಶವೇ ಇದೆ, 2018ರ 2.1 ಆವೃತ್ತಿಯಲ್ಲಿ ಬಂದದ್ದು. ಫೋಕಸ್ ಕದಲಿಸದೆ ಪುಟದಲ್ಲಿ ಏನಾಯಿತು ಅನ್ನುವ ಸುದ್ದಿ ಕಿವಿಗೆ ಮುಟ್ಟಬೇಕು. ಅದಕ್ಕೆ ‘ಸ್ಟೇಟಸ್’ ರೋಲ್ ಇರುವ ಒಂದು ಡಬ್ಬಿ ಸಾಕು, ಕಣ್ಣಿಗೆ ಕಾಣದಂತೆ ಇಡಬಹುದು. ಕೇಳಲು ಇಷ್ಟೇ ಅನಿಸುತ್ತದೆ, ನನಗೆ ಒಂದು ವಾರ ಹಿಡಿಯಿತು. ಸುದ್ದಿ ಇದ್ದಾಗ ಮಾತ್ರ ಡಬ್ಬಿ ಹುಟ್ಟಿಸಿ ಒಳಗೆ ಪಠ್ಯ ಹಾಕುತ್ತಿದ್ದೆ, ಅದು ಕೆಲವು ಸಲ ಮಾತಾಡುತ್ತಿತ್ತು, ಕೆಲವು ಸಲ ಇಲ್ಲ. ಡಬ್ಬಿ ಮೊದಲಿಂದಲೂ ಖಾಲಿಯಾಗಿ ಪುಟದಲ್ಲಿ ಇರಬೇಕು, ಪಠ್ಯ ಮಾತ್ರ ಆಮೇಲೆ ಬರಬೇಕು. ಮರೆಮಾಡಲು ‘display: none’ ಅನ್ನುವ ಸಿಎಸ್‌ಎಸ್ (ಪುಟದ ರೂಪ ಹೇಳುವ ಕೋಡ್) ಸಾಲು ಬಳಸಿದರೆ ಸ್ಕ್ರೀನ್ ರೀಡರ್‌ಗೂ ಅದು ಇಲ್ಲದಂತೆಯೇ. ಆಮೇಲೆ, “8 ಸಲಹೆಗಳಿವೆ” ಇದ್ದದ್ದು ಮುಂದಿನ ಅಕ್ಷರಕ್ಕೂ “8 ಸಲಹೆಗಳಿವೆ” ಆಗಿಯೇ ಉಳಿದರೆ ಏನೂ ಬದಲಾಗಿಲ್ಲವಲ್ಲ, ಹಾಗಾಗಿ ಎಷ್ಟೋ ಸಲ ಮೌನ. ಈಗ ಹುಡುಕಿದ ಪದವನ್ನೂ ಜೊತೆಗೆ ಹೇಳುತ್ತೇವೆ. “ನೀಲಿ ಚೀಲ, 8 ಸಲಹೆಗಳು.” ಟೈಪ್ ಮಾಡುವುದು ನಿಂತು ಒಂದು ಸೆಕೆಂಡ್ ಆದ ಮೇಲೆ ಮಾತ್ರ, ಅದೂ ‘ಪೊಲೈಟ್’ ಆಗಿ, ಅಂದರೆ ಓದುತ್ತಿರುವುದು ಮುಗಿದ ಮೇಲೆ.

ಏನೂ ಸಿಗದಿದ್ದರೆ ಅದನ್ನೂ ಹೇಳಬೇಕು, ನಾವು ಮರೆತಿದ್ದೆವು. ಕಾಗುಣಿತ ತಿದ್ದಿ ಬೇರೆ ಪದಕ್ಕೆ ಫಲಿತಾಂಶ ತೋರಿಸಿದರೆ ಅದನ್ನಂತೂ ಹೇಳಲೇಬೇಕು. ಇಲ್ಲದಿದ್ದರೆ ತಾನು ಹುಡುಕಿದ್ದು ಒಂದು, ಕೇಳುತ್ತಿರುವುದು ಇನ್ನೊಂದು ಅಂತ ಆಗಿ ಅವರು ಗೊಂದಲಕ್ಕೆ ಬೀಳುತ್ತಾರೆ.

ಫೋನಿನಲ್ಲಿ ಇದೆಲ್ಲ ಇನ್ನೊಂದು ಥರ. ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಅನ್ನುವ ಫೋನಿನ ಸ್ಕ್ರೀನ್ ರೀಡರ್ ಬಳಸುವವರು ಬಾಣದ ಕೀಲಿ ಒತ್ತುವುದಿಲ್ಲ, ಬೆರಳಿನಿಂದ ಬಲಕ್ಕೆ ಸವರಿ ಮುಂದಿನದಕ್ಕೆ ಹೋಗುತ್ತಾರೆ. ಮುಂದಿನದು ಅಂದರೆ ಕಣ್ಣಿಗೆ ಕೆಳಗೆ ಕಾಣುವುದಲ್ಲ, ಕೋಡ್‌ನಲ್ಲಿ ಮುಂದೆ ಇರುವುದು. ಸಲಹೆಗಳ ಪಟ್ಟಿ ಬೇರೆಯದರ ಕೆಳಗೆ ಸಿಕ್ಕಿಕೊಳ್ಳಬಾರದು ಅಂತ ನಾವು ಅದನ್ನು ಪುಟದ ಕಟ್ಟಕಡೆಗೆ ಅಂಟಿಸಿದ್ದೆವು. ಹಾಗಾಗಿ ಪೆಟ್ಟಿಗೆಯಿಂದ ಸಲಹೆಗೆ ಹೋಗಲು ಇಡೀ ಅಂಗಡಿಯ ಮೆನು, ಬ್ಯಾನರ್, ಫುಟರ್ ಎಲ್ಲ ಸವರಿಕೊಂಡು ಹೋಗಬೇಕಿತ್ತು. ನಾನು ಆ ರಾತ್ರಿ ಫುಟರ್‌ನಲ್ಲಿ ಕಳೆದುಹೋಗಿದ್ದಕ್ಕೂ ಇದರ ಪಾಲು ಇತ್ತು. ಪಟ್ಟಿಯನ್ನು ಪೆಟ್ಟಿಗೆಯ ಪಕ್ಕಕ್ಕೇ ತಂದೆವು. ಸಿಎಸ್‌ಎಸ್ ಸ್ವಲ್ಪ ಒದ್ದಾಡಿತು, ಒದ್ದಾಡಲಿ.

ಪೆಟ್ಟಿಗೆಯ ಚಿಲ್ಲರೆ ಕೆಲಸಗಳು ಬೇಗ ಮುಗಿದವು. ಪ್ಲೇಸ್‌ಹೋಲ್ಡರ್ ಬರೀ ಬೂದು ಬಣ್ಣದ ಸುಳಿವು, ಟೈಪ್ ಮಾಡಿದ ಕೂಡಲೇ ಮಾಯವಾಗುತ್ತದೆ, ಅದಕ್ಕೆ ನಿಜವಾದ ಲೇಬಲ್ ಕೊಟ್ಟೆವು, ಬೂದು ಬಣ್ಣವನ್ನೂ 4.5:1 ಅಂತರಕ್ಕೆ ಗಾಢ ಮಾಡಿದೆವು. ಅಳಿಸುವ ಕಾಟು ಗುರುತು 16 ಪಿಕ್ಸೆಲ್ ಇತ್ತು, 2.2ರ ಪ್ರಕಾರ ಕನಿಷ್ಠ 24 ಬೇಕು, ಅಥವಾ ಸುತ್ತ ಸಾಕಷ್ಟು ಜಾಗ ಬೇಕು. ಬಟನ್ ಮೇಲೆ ‘ಹುಡುಕು’ ಅಂತ ಕಾಣುತ್ತದೆ, ಯಾರೋ ಹಿಂದೆ ಅದರ ಏರಿಯಾ-ಲೇಬಲ್‌ಗೆ ‘ಉತ್ಪನ್ನ ಶೋಧನೆ ಸಲ್ಲಿಸಿ’ ಅಂತ ಬರೆದಿದ್ದರು. ಯಾರೋ ಅಂದರೆ ನಾನೇ. ಮಾತಿನಿಂದಲೇ ಕಂಪ್ಯೂಟರ್ ನಡೆಸುವವರು ಕಣ್ಣಿಗೆ ಕಂಡದ್ದನ್ನೇ ಹೇಳುತ್ತಾರೆ, “ಹುಡುಕು ಒತ್ತು” ಅಂದರೆ ಕಂಪ್ಯೂಟರ್‌ಗೆ ಅಂಥ ಬಟನ್ನೇ ಸಿಗುವುದಿಲ್ಲ. ಲೇಬಲ್ ಅಳಿಸಿದೆ, ಬಟನ್ನಿನ ಪಠ್ಯವೇ ಸಾಕಾಗಿತ್ತು.

ಫಿಲ್ಟರ್‌ಗಳು ಮಾತ್ರ ನಮ್ಮ ಬೆವರು ಇಳಿಸಿದವು. ಒಂದು ಬ್ರಾಂಡ್‌ಗೆ ಟಿಕ್ ಹಾಕಿದರೆ ಸಾಕು, ನಮ್ಮ ಕೋಡ್ ಫಿಲ್ಟರ್ ಸಮೇತ ಇಡೀ ಪುಟ ಹೊಸದಾಗಿ ಕಟ್ಟುತ್ತಿತ್ತು. ನೀವು ನಿಂತಿದ್ದ ಚೆಕ್‌ಬಾಕ್ಸೇ ಇಲ್ಲ ಅಂದಮೇಲೆ ಫೋಕಸ್ ಎಲ್ಲಿ ಹೋಗಬೇಕು? ಪುಟದ ತಲೆಗೆ. ಮೂರು ಬ್ರಾಂಡ್ ಆರಿಸಲು ಮೂರು ಸಲ ಮೇಲಿನಿಂದ ಟ್ಯಾಬ್ ಒತ್ತಿಕೊಂಡು ಇಳಿಯಬೇಕು. ಮೌಸ್ ಹಿಡಿದವರಿಗೆ ಇದು ಜನ್ಮದಲ್ಲಿ ಗೊತ್ತಾಗುವುದಿಲ್ಲ. ಈಗ ಟಿಕ್ ಹಾಕಿದರೆ ಫಲಿತಾಂಶದ ಭಾಗ ಮಾತ್ರ ಬದಲಾಗುತ್ತದೆ, ಫಿಲ್ಟರ್ ಇದ್ದಲ್ಲೇ ಇರುತ್ತದೆ, ಫೋಕಸ್ಸೂ ಅಲ್ಲೇ, ಹೊಸ ಎಣಿಕೆಯನ್ನು ಅದೇ ಸ್ಟೇಟಸ್ ಡಬ್ಬಿ ಹೇಳುತ್ತದೆ. ಡಿವ್ ಅನ್ನುವ ಬರೀ ಡಬ್ಬಿಗಳಿಂದ ಕಟ್ಟಿದ ನಕಲಿ ಚೆಕ್‌ಬಾಕ್ಸ್ ಕೋಡನ್ನೆಲ್ಲ ಅಳಿಸಿ ಬ್ರೌಸರಿನ ಸಾದಾ ಚೆಕ್‌ಬಾಕ್ಸ್ ಹಾಕಿದ ದಿನ ನನಗೆ ನಿಜವಾಗಿಯೂ ಖುಷಿಯಾಯಿತು. ಗುಂಪು ಕಟ್ಟುವ ‘ಫೀಲ್ಡ್‌ಸೆಟ್’, ಅದಕ್ಕೆ ಹೆಸರು ಕೊಡುವ ‘ಲೆಜೆಂಡ್’ ಇವೆರಡನ್ನೂ ಹಾಕಿದರೆ ಇದು ಬಣ್ಣದ ಗುಂಪು, ಇದು ಅಳತೆಯ ಗುಂಪು ಅಂತ ತಾನಾಗಿ ಓದುತ್ತದೆ.

ಬೆಲೆಗೆ ಎರಡು ಗುಂಡಿಯ ಸ್ಲೈಡರ್ ಇತ್ತು, ಎಳೆಯಬೇಕು. ಎಳೆಯದೆಯೂ ಅದೇ ಕೆಲಸ ಆಗುವ ದಾರಿ ಇರಬೇಕು ಅಂತ 2.2ರಲ್ಲಿ ಹೊಸ ಅಂಶ ಬಂದಿದೆ, 2.5.7. ಕನಿಷ್ಠ, ಗರಿಷ್ಠ ಅಂತ ಎರಡು ಅಂಕಿ ಪೆಟ್ಟಿಗೆ ಪಕ್ಕದಲ್ಲಿ ಇಟ್ಟೆವು. ಬಣ್ಣದ ಚುಕ್ಕಿಗಳ ಪಕ್ಕ ಬಣ್ಣದ ಹೆಸರು ಬರೆದೆವು. ಕೆಳಗೆ ಹೋದಷ್ಟೂ ಬರುತ್ತಲೇ ಇರುವ ಫಲಿತಾಂಶ ತೆಗೆದು ‘ಇನ್ನಷ್ಟು ತೋರಿಸು’ ಬಟನ್ ಇಟ್ಟೆವು, ಯಾಕೆಂದರೆ ಟ್ಯಾಬ್ ಒತ್ತುವವರಿಗೆ ಆ ಪುಟಕ್ಕೆ ತುದಿಯೇ ಇರಲಿಲ್ಲ. ಬಟನ್ ಒತ್ತಿದರೆ ಫೋಕಸ್ ಹೊಸದಾಗಿ ಬಂದದ್ದರಲ್ಲಿ ಮೊದಲನೆಯದಕ್ಕೆ ಹೋಗುತ್ತದೆ. 400 ಶೇಕಡಾ ಜೂಮ್ ಮಾಡಿ ನೋಡಿದಾಗ ಮೇಲೆ ಅಂಟಿಕೊಂಡ ಹೆಡರ್, ಕೆಳಗೆ ಅಂಟಿಕೊಂಡ ಫಿಲ್ಟರ್ ಪಟ್ಟಿ ಎರಡೂ ಸೇರಿ ನಡುವೆ ಒಂದು ಸಾಲಿನಷ್ಟು ಜಾಗ ಉಳಿದಿತ್ತು, ಫೋಕಸ್ ಇರುವುದೆಲ್ಲ ಅವುಗಳ ಅಡಿಯಲ್ಲಿ. ಪರದೆ ಚಿಕ್ಕದಾದರೆ ಎರಡೂ ಅಂಟಿಕೊಳ್ಳಬೇಡಿ ಅಂತ ಮಾಡಿದೆವು.

ಎಲ್ಲ ಮುಗಿದ ಮೇಲೆ ಅದೇ ಪರೀಕ್ಷಕರು ಮತ್ತೆ ಕೂತರು. ಟೈಪ್ ಮಾಡಿದರು, “ನೀಲಿ ಚೀಲ, 8 ಸಲಹೆಗಳು” ಅಂತು. ಕೆಳ ಬಾಣ ಒತ್ತಿದರು. ಒತ್ತಿದರು, ಒತ್ತಿದರು, ಮುಖ ಸಪ್ಪಗಾಯಿತು. ಏನಾಯಿತು ಅಂತ ಕೇಳಿದೆ. “ಎಲ್ಲ ಕೇಳಿಸುತ್ತಿದೆ. ಆದರೆ ಎಂಟಕ್ಕೆ ಎಂಟೂ ‘ಹೊಸ ಸಂಗ್ರಹ ವಿಶೇಷ ಕೊಡುಗೆ’ ಅಂತಲೇ ಶುರುವಾಗುತ್ತಿವೆ, ಯಾವುದು ಏನು ಅಂತ ತಿಳಿಯಲು ಕೊನೇ ಪದದವರೆಗೂ ಕಾಯಬೇಕಲ್ಲ ಸಾರ್.” ಹೆಸರುಗಳನ್ನು ಹಾಗೆ ಬರೆದದ್ದು ಅಂಗಡಿಯವರು, ನಮ್ಮ ಕೋಡ್ ಅಲ್ಲ. ಅಂಥ ಮಾತುಗಳನ್ನು ಸಲಹೆಯ ಕೊನೆಗೆ ತಳ್ಳುವ ಒಂದು ಸೆಟ್ಟಿಂಗ್ ಬರೆದಿಟ್ಟಿದ್ದೇನೆ. ಆನ್ ಮಾಡಿ ಅಂತ ಅಂಗಡಿಯವರಿಗೆ ಮೂರು ಸಲ ಮೇಲ್ ಹಾಕಿದ್ದೇನೆ, ನಾಲ್ಕನೆಯದು ಡ್ರಾಫ್ಟ್‌ನಲ್ಲಿದೆ.