ಏರ್‌ಫ್ಲೋ ಸೆನ್ಸರ್ ಕೋಡ್ ಬಂದೈತೇನ್ರಿ? ಮೊದ್ಲು ಮನ್ಯಾಗ ಇಷ್ಟು ನೋಡ್ರಿ

ಏರ್‌ಫ್ಲೋ ಸೆನ್ಸರ್ (ಎಂಎಎಫ್) ಅಂದ್ರ ಎಂಜಿನ್ ಒಳಗ ಎಷ್ಟು ಗಾಳಿ ಹೋಗ್ತೈತಿ ಅಂತ ಅಳಿಯೋದು. ಚೆಕ್ ಎಂಜಿನ್ ಲೈಟ್ ಹತ್ತಿ, ಗಾಡಿಗೆ ಹಚ್ಚಿ ಕೋಡ್ ಓದೋ ಸ್ಕ್ಯಾನರ್‌ನ್ಯಾಗ ಪಿ0101 ಇಲ್ಲಾ ಪಿ0102 ಅಂತ ಕಂಡಕೂಡ್ಲೇ ಹೊಸಾ ಸೆನ್ಸರ್ ತರಾಕ ಓಡಬ್ಯಾಡ್ರಿ, ಭಾಳ ತುಟ್ಟಿ ಅದು. 0101 ಅಂದ್ರ ಸೆನ್ಸರ್ ಹೇಳೋ ಗಾಳಿ ಲೆಕ್ಕ ಎಂಜಿನ್ ಲೆಕ್ಕಕ್ಕ ಕೂಡವಲ್ದು ಅಂತ. 0102 ಅಂದ್ರ ಸಿಗ್ನಲ್ ಭಾಳ ಕಮ್ಮಿ, ಹಂಗಿದ್ರ ಮೊದ್ಲು ಕನೆಕ್ಟರ್, ವೈರ್ ನೋಡ್ರಿ, ಇಲಿ ಕಡದಿರ್ತಾವ.

ಆಮ್ಯಾಲೆ ಎಂಜಿನ್‌ಗೆ ಹೋಗೋ ಗಾಳಿ ಸೋಸೋ ಏರ್ ಫಿಲ್ಟರ್ ನೋಡ್ರಿ. ನಮ್ಮ ಬಾಗಲಕೋಟಿ ಕಡೆ ಕಬ್ಬಿನ ಸೀಸನ್‌ನ್ಯಾಗ ಟ್ರ್ಯಾಕ್ಟರ್ ಹಿಂದ ಧೂಳ ಕುಡಕೋಂತ ಹೋಗೂದು ಇದ್ದದ್ದ, ನಾ ಮುಧೋಳಕ್ಕ ದಿನಾ ಓಡಾಡಿ ಒಂದಿನ ಫಿಲ್ಟರ್ ತಗದು ಝಾಡಿಸಿದ್ರ ಒಂದ್ ಬೊಗಸಿ ಮಣ್ಣು ಬಿತ್ತು. ಫಿಲ್ಟರ್ ಆದಮ್ಯಾಲೆ ಸೆನ್ಸರ್‌ನಿಂದ ಥ್ರಾಟಲ್‌ತನಕ (ಆಕ್ಸಿಲೇಟರ್ ಒತ್ತಿದ್ರ ಗಾಳಿಗೆ ದಾರಿ ಬಿಡೋ ಬಾಗ್ಲ ಅದು) ಇರೋ ರಬ್ಬರ್ ಪೈಪ್ ಮಡಚಿ ಮಡಚಿ ನೋಡ್ರಿ, ಅದರ ಸುರುಳಿ ಸಂದ್ಯಾಗ ಸೀಳಿದ್ರ ಮ್ಯಾಲಿಂದ ಕಾಣಂಗಿಲ್ಲ, ಆದ್ರ ಅಲ್ಲಿಂದ ಒಳಗ ಹೋಗೋ ಗಾಳಿ ಸೆನ್ಸರ್ ಲೆಕ್ಕಕ್ಕ ಬರೂದಿಲ್ಲ.

ಆಮ್ಯಾಲೆ ಇಗ್ನಿಷನ್ ಆಫ್ ಮಾಡಿ, ಎಂಜಿನ್ ತಣ್ಣಗಾದ ಮ್ಯಾಲೆ ಸೆನ್ಸರ್ ಬಿಚ್ರಿ. ಒಳಗ ಕೂದಲದಂಗ ಸಣ್ಣ ತಂತಿ ಇರ್ತೈತಿ, ಅದಕ್ಕ ಬಟ್ಟಿ, ಬ್ರಷ್, ಬೆರಳು ಏನೂ ಹಚ್ಚಬ್ಯಾಡ್ರಿ, ದಯವಿಟ್ಟು! ಎಂಎಎಫ್ ಕ್ಲೀನರ್ ಅಂತನ ಸ್ಪ್ರೇ ಸಿಗ್ತೈತಿ, ಅದನ್ನ ಅಷ್ಟ ಹೊಡೀರಿ, ಕಾರ್ಬ್ಯುರೇಟರ್ ತೊಳಿಯೋ ಕಾರ್ಬ್ ಕ್ಲೀನರ್ ಬ್ಯಾಡ. ಪೂರಾ ಒಣಗಿದ ಮ್ಯಾಲೆ ಕೂಡಸ್ರಿ, ಹಸಿ ಇದ್ದಾಗ ಚಾಲೂ ಮಾಡಬಾರ್ದು.

ಕೋಡ್ ಅಳಿಸಿ, ಎಂಜಿನ್ ಕಾದ ಮ್ಯಾಲೆ ಎಸಿ ಆಫ್ ಇಟ್ಟು ಸ್ಕ್ಯಾನರ್‌ನ್ಯಾಗ ರೀಡಿಂಗ್ ನೋಡ್ರಿ. ಪೆಟ್ರೋಲ್ ಗಾಡಿ ಐಡಲ್‌ನ್ಯಾಗ (ಆಕ್ಸಿಲೇಟರ್ ಒತ್ತದ ಸುಮ್ನ ಚಾಲೂ ಇದ್ದಾಗ) ಸೆಕೆಂಡಿಗೆ ಸುಮಾರು 2 ರಿಂದ 7 ಗ್ರಾಂ ತೋರಸ್ತೈತಿ, ಸಣ್ಣ ಎಂಜಿನ್ ಆದ್ರ ಕೆಳಗಿನ ಕಡೇನ. ಆಕ್ಸಿಲೇಟರ್ ಒತ್ತಿದಂಗ ನಂಬರ್ ಸಲೀಸಾಗಿ ಏರಬೇಕು. ಅಲ್ಲೇ ನಿಂತ್ರ, ಇಲ್ಲಾ ಜಿಗದಾಡಿದ್ರ, ಆವಾಗ ಸೆನ್ಸರ್ ಬದ್ಲಿ ಮಾಡೋ ಮಾತು ತಗೀರಿ.