ಮಸಿಗೆ ಎಣ್ಣೆ ಬೆರೆತರೆ ಕಾಡಿಗೆ: ನನ್ನ ಕಾರಿಗೆ ಕ್ಯಾಚ್ ಕ್ಯಾನ್ ಕೂರಿಸಿದ ಅನುಭವ

82,000 ಕಿಲೋಮೀಟರ್ ಓಡಿದ ಮೇಲೆ ನನ್ನ ಕಾರು ಶಿರಾಡಿ ಘಾಟಿ ಹತ್ತುವಾಗ ಏದುಸಿರು ಬಿಡತೊಡಗಿತು. ಗುಂಡ್ಯ ದಾಟಿದ ಮೇಲೆ ಮೊದಲು ಮೂರನೇ ಗೇರಿನಲ್ಲಿ ಸಲೀಸಾಗಿ ಏರುತ್ತಿದ್ದ ಕಡೆಯಲ್ಲೆಲ್ಲ ಎರಡಕ್ಕೆ ಇಳಿಸಬೇಕಾಯಿತು. ಹಿಂದೆ ಬರುವವರಿಗೆ ಕಪ್ಪು ಹೊಗೆಯ ಉಡುಗೊರೆ ಬೇರೆ. ನನ್ನದು 1.5 ಲೀಟರಿನ ಬಿಎಸ್-4 (ಹೊಗೆಗೆ ಮಿತಿ ಹಾಕುವ ಸರ್ಕಾರಿ ಮಾನದಂಡ) ಟರ್ಬೊ ಡೀಸೆಲ್: ಹೊರಹೋಗುವ ಹೊಗೆಯ ಬಲದಿಂದ ತಿರುಗುವ ಟರ್ಬೊ ಚಕ್ರ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಹಾಸನದ ನನ್ನ ಮೆಕ್ಯಾನಿಕ್, ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಪೈಪು ಕಳಚಿ ಬಗ್ಗಿಸಿದಾಗ ಎರಡು ಚಮಚದಷ್ಟು ಎಂಜಿನ್ ಆಯಿಲ್ ನೆಲಕ್ಕೆ ಸುರಿಯಿತು. ಅದರಾಚೆಗಿನ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿದರೆ ಗಾಳಿ ಹೋಗುವ ದಾರಿಯೇ ಅರ್ಧ ಮುಚ್ಚಿತ್ತು. ಬೆರಳು ಹಾಕಿದೆ. ಕಪ್ಪಗೆ, ಜಿಡ್ಡಾಗಿ, ಬೆಣ್ಣೆಯಂತೆ ಮೆತ್ತಿಕೊಂಡಿತು. ಮೂರು ಬಾರಿ ಸೋಪು ಹಾಕಿದರೂ ಉಗುರಿನ ಸಂದಿಯಿಂದ ಹೋಗಲಿಲ್ಲ.

ಅಜ್ಜಿ ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ, ಹಿಡಿದ ಮಸಿಗೆ ಎಣ್ಣೆ ಕಲಸಿ ಕಾಡಿಗೆ ಮಾಡುತ್ತಿದ್ದುದು ನೆನಪಾಯಿತು. ಎಂಜಿನ್ ಮಾಡುತ್ತಿದ್ದುದೂ ಅದನ್ನೇ. ಮಸಿ ಬರುವುದು ಇಜಿಆರ್ ವಾಲ್ವ್ ಕಡೆಯಿಂದ: ಸೈಲೆನ್ಸರಿಗೆ ಹೋಗಬೇಕಾದ ಹೊಗೆಯಲ್ಲಿ ಒಂದು ಪಾಲನ್ನು ಅದು ತಿರುಗಿ ಒಳಕ್ಕೆ ಬಿಡುತ್ತದೆ. ಎಣ್ಣೆ ಬರುವುದು ಎಂಜಿನ್ನಿನ ನೆತ್ತಿಯ ಹೊದಿಕೆಯಾದ ಟ್ಯಾಪೆಟ್ ಕವರಿನಿಂದ ಟರ್ಬೊದ ಬಾಯಿಗೆ ಹೋಗುವ ಬ್ರೀದರ್ ಪೈಪಿನಿಂದ. ಎರಡೂ ಮ್ಯಾನಿಫೋಲ್ಡಿನಲ್ಲಿ ಭೇಟಿಯಾಗುತ್ತವೆ. ಇಜಿಆರ್ ಮುಚ್ಚುವುದು ಕಾನೂನಿಗೂ ಒಗ್ಗದು, ನನಗೂ ಒಗ್ಗದು. ಉಳಿದದ್ದು ಎಣ್ಣೆಯನ್ನು ದಾರಿಯಲ್ಲೇ ಹಿಡಿಯುವುದು. ಕ್ಯಾಚ್ ಕ್ಯಾನ್ ಎನ್ನುವುದು ಆ ಕೆಲಸದ ಡಬ್ಬಿ.

ಎಷ್ಟೇ ಹೊಸ ಎಂಜಿನ್ ಆದರೂ ಪಿಸ್ಟನ್ ರಿಂಗುಗಳ ಸಂದಿಯಿಂದ ಸ್ವಲ್ಪ ಅನಿಲ ಕೆಳಗಿನ ಚೇಂಬರಿಗೆ, ಅಂದರೆ ಎಂಜಿನ್ ಆಯಿಲ್ ಇರುವ ತಳಭಾಗಕ್ಕೆ, ನುಸುಳಿಯೇ ನುಸುಳುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಹಾಗೆ ಇಳಿದ ಅನಿಲ ಒಳಗೆ ಎರಚಾಡುವ ಎಣ್ಣೆಯ ಮಂಜನ್ನೂ ನೀರಿನ ಹಬೆಯನ್ನೂ ಹೊತ್ತುಕೊಂಡು ಹೊರಬರುತ್ತದೆ, ಬ್ರೀದರ್ ಪೈಪು ಇರುವುದು ಇದಕ್ಕೇ. ಹಿಂದಿನ ಕಾಲದ ಕಾರುಗಳಲ್ಲಿ ಇದನ್ನು ಒಂದು ಕೊಳವೆಯ ಮೂಲಕ ನೇರ ರಸ್ತೆಗೆ ಬಿಡುತ್ತಿದ್ದರು. 1960ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ಕಾಟ ಅತಿಯಾದ ಮೇಲೆ ಅದನ್ನು ಎಂಜಿನ್ನಿಗೇ ಮರಳಿ ಕುಡಿಸಿ ಸುಡುವ ಪದ್ಧತಿ ಕಡ್ಡಾಯವಾಯಿತು. ಊರಿನ ಗಾಳಿಗೆ ಒಳ್ಳೆಯದಾಯಿತು, ಮ್ಯಾನಿಫೋಲ್ಡಿಗೆ ಕೇಡಾಯಿತು.

ಸರಿಯಾದದ್ದು ಕೂರುವ ಮೊದಲು ನಾನು ಎರಡು ಡಬ್ಬಿಗಳಲ್ಲಿ ಎಡವಿದೆ.

ಮೊದಲನೆಯದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ನೀಲಿ ಬಣ್ಣ, ಮಿರಿಮಿರಿ ಅಲ್ಯೂಮಿನಿಯಂ, ನೋಡಲು ಚೆಂದ. ಒಂದು ತಿಂಗಳು ಓಡಿಸಿದ ಮೇಲೆ ಬಿಚ್ಚಿದರೆ ತಳದಲ್ಲಿ ನಾಲ್ಕು ಹನಿ, ಟರ್ಬೊ ಪೈಪಿನಲ್ಲಿ ಎಂದಿನಂತೆ ಎಣ್ಣೆ. ಒಳಕ್ಕೆ ಟಾರ್ಚ್ ಬಿಟ್ಟು ನೋಡಿದೆ: ಏನೂ ಇಲ್ಲ, ಖಾಲಿ ಡಬ್ಬಿ. ಪೈಪು ಸಿಕ್ಕಿಸುವ ಎರಡು ಮೂತಿಗಳು, ಅಂದರೆ ನಿಪ್ಪಲ್‌ಗಳು, ಪಕ್ಕಪಕ್ಕದಲ್ಲೇ ಇದ್ದುದರಿಂದ ಒಂದರಲ್ಲಿ ಬಂದ ಮಂಜು ಇನ್ನೊಂದರಲ್ಲಿ ಆರಾಮವಾಗಿ ಹೊರಟುಹೋಗುತ್ತಿತ್ತು. ಅನ್ನದ ಪಾತ್ರೆಯ ಹಬೆ ನೀರಾಗುವುದು ಮುಚ್ಚಳಕ್ಕೆ ತಾಗಿದ ಮೇಲೆ. ಎಣ್ಣೆಯ ಮಂಜಿಗೂ ತಾಗಲು ಏನಾದರೂ ಬೇಕು, ದಿಕ್ಕು ಬದಲಿಸಬೇಕು, ವೇಗ ಇಳಿಯಬೇಕು.

ಹಾಗಾದರೆ ತಾಗಲು ಏನಾದರೂ ತುಂಬೋಣ ಎಂದುಕೊಂಡದ್ದು ಎರಡನೆಯ ತಪ್ಪು. ಸ್ವಲ್ಪ ದೊಡ್ಡ ಡಬ್ಬಿ ತಂದು ಅದರೊಳಗೆ ಸಣ್ಣ ಎಳೆಯ ಸ್ಟೀಲ್ ಉಣ್ಣೆಯನ್ನು ಒತ್ತಿ ಒತ್ತಿ ತುಂಬಿದೆ. ಈ ಸಲ ಡಬ್ಬಿ ಚೆನ್ನಾಗಿಯೇ ಹಿಡಿಯಿತು, ನಾನು ಹಿಗ್ಗಿದೆ. ಮೂರನೇ ವಾರ ಡಿಪ್‌ಸ್ಟಿಕ್ (ಎಂಜಿನ್ ಆಯಿಲಿನ ಮಟ್ಟ ನೋಡುವ ಕಡ್ಡಿ) ತಾನೇ ಮೇಲೆದ್ದು ನಿಂತಿತ್ತು, ಟ್ಯಾಪೆಟ್ ಕವರಿನ ಅಂಚಿನಲ್ಲಿ ಎಣ್ಣೆ ಒಸರುತ್ತಿತ್ತು. ಮೆಕ್ಯಾನಿಕ್ ನೋಡಿ, "ಸರ್, ಗಾಡಿಯ ಮೂಗು ಕಟ್ಟಿಬಿಟ್ಟಿದ್ದೀರಿ," ಎಂದರು. ಅನಿಲಕ್ಕೆ ಹೊರಹೋಗಲು ದಾರಿಯಿಲ್ಲದೆ ಚೇಂಬರಿನಲ್ಲಿ ಒತ್ತಡ ಏರಿತ್ತು. ಹೀಗೇ ಬಿಟ್ಟರೆ ಕ್ರ್ಯಾಂಕಿನ ಆಯಿಲ್ ಸೀಲು ಹೋಗುತ್ತದೆ. ಟರ್ಬೊದಿಂದ ಎಣ್ಣೆ ತನ್ನ ಭಾರಕ್ಕೆ ತಾನೇ ಚೇಂಬರಿಗೆ ಇಳಿಯಬೇಕು, ಕೆಳಗಿನಿಂದ ಒತ್ತಡವಿದ್ದರೆ ಅದೂ ಇಳಿಯದೆ ಟರ್ಬೊದ ಸೀಲಿನಿಂದ ಸೋರುತ್ತದೆ. ಎಣ್ಣೆ ನಿಲ್ಲಿಸಲು ಹೋಗಿ ಎಣ್ಣೆ ಸೋರುವುದಕ್ಕೆ ಹೊಸ ಬಾಗಿಲು ತೆರೆದಿದ್ದೆ. ಸಾಲದ್ದಕ್ಕೆ ಸ್ಟೀಲ್ ಉಣ್ಣೆಯ ಎಳೆ ಮುರಿದು ಉದುರುತ್ತದೆ. ಅದು ಸೇರುವುದು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊ ಚಕ್ರವನ್ನು. ಈಗ ನೆನೆದರೂ ಬೆವರುತ್ತದೆ.

ಡಬ್ಬಿ ಎಷ್ಟು ಹಿಡಿಯುತ್ತದೆ ಎಂಬುದಕ್ಕಿಂತ ಎಂಜಿನ್ ಎಷ್ಟು ಸರಾಗವಾಗಿ ಉಸಿರು ಬಿಡುತ್ತದೆ ಎಂಬುದನ್ನು ಮೊದಲು ನೋಡಬೇಕೆಂದು ಗೊತ್ತಾದದ್ದು ಆಗ. ಅಳೆಯುವುದು ಹೇಗೆ? ಪಕ್ಕದ ಸೈಟಿನಲ್ಲಿ ಗಾರೆ ಕೆಲಸದವರು ಪಾರದರ್ಶಕ ಪೈಪಿಗೆ ನೀರು ತುಂಬಿ ಗೋಡೆಯ ಮಟ್ಟ ನೋಡುತ್ತಿದ್ದರು. ಅವರಿಂದ ಎರಡೂವರೆ ಮೀಟರ್ ತುಂಡು ಬೇಡಿ ತಂದೆ. ಹಳೆಯ ಆಯಿಲ್ ಮುಚ್ಚಳಕ್ಕೆ ತೂತು ಕೊರೆದು ನಿಪ್ಪಲ್ ಕೂರಿಸಿ, ಪೈಪಿನ ಒಂದು ತುದಿಯನ್ನು ಅದಕ್ಕೆ ಸಿಕ್ಕಿಸಿದೆ. ಪೈಪನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ಹಲಗೆಗೆ ಕಟ್ಟಿ, ಅರ್ಧದವರೆಗೆ ನೀರು ತುಂಬಿದೆ. ನೀರು ಎಂಜಿನ್ನಿಗಿಂತ ಚೆನ್ನಾಗಿ ಕೆಳಗಿರಬೇಕು, ಇಲ್ಲದಿದ್ದರೆ ಒಳಗೆ ಎಳೆದುಕೊಂಡೀತು. ಡಿಪ್‌ಸ್ಟಿಕ್ ಕೊಳವೆಯಲ್ಲಿ ಅಳೆಯಲು ಹೋಗಬೇಡಿ, ಕೆಲವು ಎಂಜಿನ್ನುಗಳಲ್ಲಿ ಅದರ ತುದಿ ಎಣ್ಣೆಯೊಳಗೇ ಮುಳುಗಿರುತ್ತದೆ.

ಕಂಪನಿ ಕೊಟ್ಟ ಪೈಪನ್ನೇ ಹಾಕಿ 3,000 ಆರ್‌ಪಿಎಮ್‌ನಲ್ಲಿ ನೋಡಿದಾಗ ನೀರು ಎಂಜಿನ್ ಕಡೆಗೆ ಸುಮಾರು ಎರಡು ಸೆಂಟಿಮೀಟರ್ ಏರಿತು, ಅಂದರೆ ಟರ್ಬೊ ಚೇಂಬರಿನ ಗಾಳಿಯನ್ನು ಮೆಲ್ಲಗೆ ಎಳೆದುಕೊಳ್ಳುತ್ತಿದೆ. ಸ್ಟೀಲ್ ಉಣ್ಣೆಯ ಡಬ್ಬಿ ಹಾಕಿದಾಗ ನೀರು ಹೊರಕ್ಕೆ ಏಳು ಸೆಂಟಿಮೀಟರ್ ಜಿಗಿದು ಇನ್ನೂ ಏರುತ್ತಲೇ ಇತ್ತು. ಆ ಡಬ್ಬಿಯನ್ನು ಅಲ್ಲಿಯೇ ಕಳಚಿ ಬಿಸಾಡಿದೆ.

ಮೂರನೆಯದನ್ನು ಕೊಳ್ಳುವ ಮೊದಲು ಸ್ಕೇಲು ಹಿಡಿದು ನಿಂತೆ. ನನ್ನ ಮೂಲ ಪೈಪಿನ ಒಳವ್ಯಾಸ 19 ಮಿಲಿಮೀಟರ್. ಅದಕ್ಕಿಂತ ಕಿರಿದಾದ ನಿಪ್ಪಲ್ ಇರುವ ಯಾವ ಡಬ್ಬಿಯೂ ಬೇಡ. ಹೊರವ್ಯಾಸ 19 ಎಂದು ಬರೆದಿರುತ್ತಾರೆ, ಗೋಡೆಯ ದಪ್ಪ ಕಳೆದರೆ ಒಳಗೆ 15 ಉಳಿಯುತ್ತದೆ, ಇದನ್ನು ನೋಡಿಕೊಳ್ಳಿ. ಒಳಬರುವ ಗಾಳಿ ಮೊದಲು ಒಂದು ತಡೆತಟ್ಟೆಗೆ ಬಡಿದು, ಕೆಳಗಿಳಿದು, ಆಮೇಲೆ ಸ್ಟೇನ್‌ಲೆಸ್ ಜಾಲರಿಯ ಮೂಲಕ ಮೇಲೇರಿ ಹೊರಗೆ ಹೋಗುವಂಥದ್ದು ಸಿಕ್ಕಿತು. 500 ಮಿಲಿಲೀಟರ್ ಹಿಡಿಯುತ್ತದೆ, ತಳ ತಿರುಪಿ ಬಿಚ್ಚಬಹುದು, ಮಟ್ಟ ನೋಡಲು ಕಡ್ಡಿಯಿದೆ. ನೀರಿನ ಪೈಪಿನ ಪರೀಕ್ಷೆಯಲ್ಲಿ ಮೂಲ ಪೈಪಿಗೂ ಇದಕ್ಕೂ ಅರ್ಧ ಸೆಂಟಿಮೀಟರ್ ವ್ಯತ್ಯಾಸ. ಅಷ್ಟು ಸಾಕು.

ಮೇಲೆ ಪುಟ್ಟ ಫಿಲ್ಟರ್ ಕೂರಿಸಿ ಹೊರಗಿನ ಗಾಳಿಗೇ ಬಿಡುವ ಡಬ್ಬಿಗಳೂ ಇವೆ. ರೇಸ್ ಟ್ರ್ಯಾಕಿಗೆ ಸರಿ. ರಸ್ತೆಯ ಕಾರಿಗೆ ಹಾಕಿದರೆ ಎಸಿ ಗಾಳಿಯ ಜೊತೆ ಸುಟ್ಟ ಎಣ್ಣೆಯ ವಾಸನೆ ಬರುತ್ತದೆ, ಮೇಲಾಗಿ ಅದು ಮತ್ತೆ ರಸ್ತೆಗೆ ಹೊಗೆ ಬಿಡುವ ಹಳೆಯ ಪದ್ಧತಿಯೇ. ಡಬ್ಬಿಯಿಂದ ಹೊರಟ ಪೈಪು ಮೊದಲಿದ್ದ ಜಾಗಕ್ಕೇ, ಏರ್ ಫಿಲ್ಟರಿಗೂ ಟರ್ಬೊಗೂ ನಡುವೆ, ಮರಳಿ ಸೇರಬೇಕು.

ಪೈಪಿನ ವಿಷಯದಲ್ಲಿ ನನಗೆ ಜಾಸ್ತಿ ಸಂಶಯ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿಗಳಲ್ಲಿ "ಆಯಿಲ್ ಹೋಸ್" ಕೇಳಿದೆ, ಮೂವರೂ ಕಪ್ಪು ರಬ್ಬರಿನದನ್ನೇ ಕೊಟ್ಟು ಆಣೆ ಮಾಡಿದರು. ಮೂರರಿಂದಲೂ ಗೇಣುದ್ದ ತುಂಡು ತಂದು, ಒಂದೊಂದು ಚೂರು ಕತ್ತರಿಸಿ, ಹಳೆಯ ಉಪ್ಪಿನಕಾಯಿ ಬಾಟಲಿಯಲ್ಲಿ ಎಂಜಿನ್ ಆಯಿಲಿಗೆ ಸ್ವಲ್ಪ ಡೀಸೆಲ್ ಬೆರೆಸಿ ಮುಳುಗಿಸಿ ಒಂದು ವಾರ ಇಟ್ಟೆ. ಒಂದು ನೆನೆಸಿದ ಕಡಲೆಯಂತೆ ಉಬ್ಬಿ ಮೆತ್ತಗಾಯಿತು: ಅದು ರೇಡಿಯೇಟರ್ ನೀರಿಗೆ ಬಳಸುವ ಇಪಿಡಿಎಂ ರಬ್ಬರ್. ಇನ್ನೊಂದು ಸ್ವಲ್ಪ ಉಬ್ಬಿತು. ಮೂರನೆಯದು, ನೈಟ್ರೈಲ್ ರಬ್ಬರ್, ಹಾಕಿದ ಹಾಗೆಯೇ ಹೊರಬಂತು. ಬಣ್ಣದ ಸಿಲಿಕೋನ್ ಪೈಪು ಚೆಂದವೆಂದು ಮರುಳಾಗಬೇಡಿ, ಒಳಪದರ ಎಣ್ಣೆಗೆ ತಕ್ಕದ್ದಲ್ಲದಿದ್ದರೆ ಅದರ ಮೈಯಿಂದ ಎಣ್ಣೆ ಬೆವರುತ್ತದೆ. ಬಾಟಲಿ ವಾಪಸು ಅಡುಗೆಮನೆ ಸೇರಲಿಲ್ಲ, ಅದರ ಬಗ್ಗೆ ಮನೆಯಲ್ಲಿ ಬೇರೆ ವಿಚಾರಣೆ ನಡೆಯಿತು.

ಕೂರಿಸಲು ಒಂದು ಮಧ್ಯಾಹ್ನ ಹಿಡಿಯಿತು. ಬ್ಯಾಟರಿಯ ಪಕ್ಕ, ಟರ್ಬೊದಿಂದ ದೂರ, ಬ್ರೀದರಿಗಿಂತ ಒಂದು ಗೇಣು ತಗ್ಗಿನ ಜಾಗ ಆರಿಸಿದೆ. ತಣ್ಣಗಿದ್ದಷ್ಟೂ ಡಬ್ಬಿ ಹೆಚ್ಚು ಹಿಡಿಯುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಮಿಲಿಮೀಟರ್ ಕಬ್ಬಿಣದ ಪಟ್ಟಿ ಬಾಗಿಸಿಕೊಂಡು, ಮೊದಲೇ ಇದ್ದ ಬೋಲ್ಟಿಗೆ ರಬ್ಬರ್ ವಾಷರ್ ಕೊಟ್ಟು ಬಿಗಿದೆ. ಬಾಡಿಗೆ ಹೊಸ ತೂತು ಕೊರೆಯಲಿಲ್ಲ. ಎಂಜಿನ್ ತನ್ನ ಮೌಂಟುಗಳ ಮೇಲೆ ತೂಗಾಡುತ್ತದೆ, ಡಬ್ಬಿ ಬಾಡಿಗೆ ಕಚ್ಚಿಕೊಂಡು ನಿಂತಿರುತ್ತದೆ. ಹಾಗಾಗಿ ಪೈಪನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲ ಬಿಡಬೇಕು, ಆದರೆ ಆ ಸಡಿಲ ನಡುವೆ ಜೋತು ಎಣ್ಣೆ ನಿಲ್ಲುವ ಗುಂಡಿಯಾಗಬಾರದು. ಎರಡನೇ ಯತ್ನದಲ್ಲಿ ಸರಿಹೋಯಿತು. ಹಿಡಿದ ಎಣ್ಣೆಯನ್ನು ಬಸಿಯಲು ಡಬ್ಬಿಯ ತಳದಲ್ಲಿರುವ ಹಿತ್ತಾಳೆ ನಲ್ಲಿಯ ಹಿಡಿಕೆ ಅದುರಿ ತೆರೆದುಕೊಳ್ಳದಂತೆ ಪ್ಲಾಸ್ಟಿಕ್ ಟ್ಯಾಗ್ ಕಟ್ಟಿದೆ. ಮೂಲ ಪೈಪನ್ನು ಕವರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದೇನೆ.

ಮೊದಲ ಸಾವಿರ ಕಿಲೋಮೀಟರಿಗೆ ಸಿಕ್ಕಿದ್ದು 20 ಮಿಲಿಲೀಟರ್, ಕರಿಯ ಎಣ್ಣೆ. ಮಳೆಗಾಲದಲ್ಲಿ ಕಥೆ ಬೇರೆ. ಜುಲೈಯಲ್ಲಿ ಊರೊಳಗಿನ ಮೂರು ಮೂರು ಕಿಲೋಮೀಟರಿನ ಓಡಾಟವೇ ಹೆಚ್ಚಿದ್ದಾಗ ನಲ್ಲಿ ತಿರುಗಿಸಿದರೆ ಬಿಳಿಚಿದ ಕಂದು ಬಣ್ಣದ ನೊರೆ, ಕಡೆಯುವಾಗ ಮಜ್ಜಿಗೆಯ ಮೇಲೆ ತೇಲುವ ಬೆಣ್ಣೆಯ ಹಾಗೆ. ಕೂಲೆಂಟ್ ನೀರು ಎಣ್ಣೆಗೆ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತೆಂದೇ ಹೆದರಿದೆ. ಕೂಲೆಂಟ್ ಒಂದಿಷ್ಟೂ ಇಳಿದಿರಲಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುತ್ತಿದ್ದುದರಿಂದ ನೀರಿನ ಹಬೆ ಡಬ್ಬಿಯಲ್ಲಿ ತಣಿದು ಎಣ್ಣೆಯೊಡನೆ ಕಡೆದುಕೊಂಡಿತ್ತು, ಅಷ್ಟೇ. ಒಮ್ಮೆ ಮಂಗಳೂರಿಗೆ ಹೋಗಿಬಂದ ಮೇಲೆ ನೊರೆ ಕಡಿಮೆಯಾಯಿತು. ಈ ದ್ರವವನ್ನು ಎಂಜಿನ್ನಿಗೆ ಮರಳಿ ಸುರಿಯಬೇಡಿ, ಚರಂಡಿಗೂ ಬೇಡ. ನಾನು ಕ್ಯಾನಿನಲ್ಲಿ ಕೂಡಿಟ್ಟು ಗ್ಯಾರೇಜಿನ ಹಳೆ ಆಯಿಲ್ ಡ್ರಮ್ಮಿಗೆ ಹಾಕುತ್ತೇನೆ.

ಡಬ್ಬಿಯನ್ನು ತುಂಬಲು ಬಿಡುವುದು ಮಾತ್ರ ನಿಜವಾಗಿ ಅಪಾಯ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ, ಒಳಗೆ ಹೋದ ಎಂಜಿನ್ ಆಯಿಲನ್ನೂ ಅದು ಇಂಧನವಾಗಿಯೇ ಉರಿಸುತ್ತದೆ. ತುಂಬಿದ ಡಬ್ಬಿಯಿಂದ ಎಣ್ಣೆ ಒಮ್ಮೆಲೇ ಟರ್ಬೊಗೆ ನುಗ್ಗಿದರೆ ಕೀಲಿ ತೆಗೆದರೂ ಎಂಜಿನ್ ನಿಲ್ಲದೆ ತನ್ನಷ್ಟಕ್ಕೆ ತಾನೇ ಕಿರುಚುತ್ತಾ ವೇಗ ಹೆಚ್ಚಿಸಿಕೊಳ್ಳಬಹುದು. ಅದಕ್ಕೇ ಪ್ರತಿ ತಿಂಗಳ ಮೊದಲ ಭಾನುವಾರ ಡಬ್ಬಿಯ ಕಡ್ಡಿ ನೋಡುತ್ತೇನೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ.

ರಿಂಗು ಸವೆದ ಎಂಜಿನ್ನಿಗೆ ಇದು ಔಷಧಿಯಲ್ಲ. ಆಯಿಲ್ ಮುಚ್ಚಳ ತೆಗೆದಾಗ ಬುಸಬುಸ ಹೊಗೆ ಬಂದರೆ ಆ ದುಡ್ಡನ್ನು ಎಂಜಿನ್ ಕೆಲಸಕ್ಕೆ ಇಡಿ. ಇನ್ನೊಂದು, ಪುಕ್ಕಟೆ ಉಪಾಯ: ಸರ್ವೀಸಿನ ನಂತರ ಡಿಪ್‌ಸ್ಟಿಕ್ ನೋಡಿ. ನನ್ನ ಕಾರಿನಲ್ಲಿ ಎಣ್ಣೆ ಮೇಲಿನ ಗೆರೆ ದಾಟಿತ್ತು. ಎರಡು ಗೆರೆಗಳ ನಡುವಿಗೆ ಇಳಿಸಿದ ಮೇಲೆ ಡಬ್ಬಿಗೆ ಬೀಳುವುದೇ ಕಡಿಮೆಯಾಯಿತು.

1,10,000 ಕಿಲೋಮೀಟರಿಗೆ ಮತ್ತೆ ಪೈಪು ಕಳಚಿದೆವು. ಇಂಟರ್‌ಕೂಲರಿನಿಂದ ಸುರಿಯುವುದೇನೂ ಇರಲಿಲ್ಲ, ಒಳಗೆ ತೆಳುವಾದ ಜಿಡ್ಡು ಮಾತ್ರ. ಮ್ಯಾನಿಫೋಲ್ಡಿನಲ್ಲಿ ಮಸಿ ಇತ್ತು, ಇರಲೇಬೇಕು, ಇಜಿಆರ್ ತನ್ನ ಕೆಲಸ ಮಾಡುತ್ತಿದೆ. ಈ ಸಲ ಬೆರಳಿಗೆ ಹತ್ತಿದ್ದು ಪುಡಿ. ಬಟ್ಟೆಗೆ ಒರೆಸಿಕೊಂಡೆ, ಹೋಯಿತು.